ಬೇರೆಯಾದ ಅಣ್ಣತಮ್ಮಂದಿರು ಒಂದಾದ ಕಥೆ

ಬೆಂಗಳೂರು: ಕಾರ್ಪೊರೇಷನ್ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾದು ಕಾಲು ನೋಯಿಸಿಕೊಂಡವರಿಗೆಲ್ಲ ಹಡ್ಸನ್ ಚರ್ಚ್ ಗೊತ್ತು. ಅವೆನ್ಯೂ ರಸ್ತೆಯ ಅಂಗಡಿ ಸಾಲಿನ ನಡುವೆ ನಿಂತಿರುವ ರೈಸ್ ಚರ್ಚನ್ನು ಅಲ್ಲಿನ ವ್ಯಾಪಾರಿಗಳು ದಿನಾ ನೋಡ್ತಾರೆ. ಮಹಾತ್ಮ ಗಾಂಧಿ ರಸ್ತೆ ಕಡೆಯ ಸೇಂಟ್ ಮಾರ್ಕ್ಸ್, ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಕೂಡ ಕಣ್ಣಿಗೆ ಬೀಳದವೇನಲ್ಲ.

‘ಎಲ್ಲಾ ಚರ್ಚೂ ಒಂದೇ ಅಲ್ವೇನ್ರೀ?’ ಅನ್ನುವವರೇ ಹೆಚ್ಚು. ಈ ನಾಲ್ಕರ ತವರು ಮಾತ್ರ ಬೇರೆ ಬೇರೆ. ಹಡ್ಸನ್ ಚರ್ಚ್ ವೆಸ್ಲಿಯನ್ ಮೆಥೋಡಿಸ್ಟರು ಕಟ್ಟಿದ್ದು. ರೈಸ್ ಚರ್ಚ್ ಲಂಡನ್ ಮಿಷನ್ನಿನದು. ನಮ್ಮ ಶಾಸನಗಳನ್ನು ಬೆಳಕಿಗೆ ತಂದ ಬಿ.ಎಲ್. ರೈಸ್ ಅವರ ತಂದೆ ಬೆಂಜಮಿನ್ ರೈಸ್ ಪಾದ್ರಿಗಳ ಹೆಸರಿನದು. ಸೇಂಟ್ ಮಾರ್ಕ್ಸ್ ಆಂಗ್ಲಿಕನ್ನರದು. ಸೇಂಟ್ ಆಂಡ್ರೂಸ್ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರದು. ಇವತ್ತು ನಾಲ್ಕೂ ಒಂದೇ ಮನೆಯ ಮಕ್ಕಳು. ಮನೆಯ ಹೆಸರು ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ.

ಹಂಚಿಕೊಂಡ ಸೀಮೆ

ಮಿಷನ್ನಿನವರು ಪರಸ್ಪರ ಪೈಪೋಟಿ ಬೇಡವೆಂದು ಸೀಮೆಗಳನ್ನೇ ಹಂಚಿಕೊಂಡಿದ್ದರು. ಬಳ್ಳಾರಿ ಕಡೆ ಲಂಡನ್ ಮಿಷನ್, ಮೈಸೂರು ತುಮಕೂರು ಕಡೆ ವೆಸ್ಲಿಯನ್ನರು, ಮಂಗಳೂರು ಧಾರವಾಡ ಕಡೆ ಬಾಸೆಲ್ ಮಿಷನ್. ಆದದ್ದೇನು? ಯಾರು ಯಾವ ಪಂಗಡ ಅನ್ನೋದನ್ನು ಅವರ ನಂಬಿಕೆಗಿಂತ ಹುಟ್ಟಿದ ಊರೇ ತೀರ್ಮಾನ ಮಾಡ್ತಿತ್ತು! ಹೊಟ್ಟೆಪಾಡಿಗೆ ಊರು ಬಿಟ್ಟವನು ಅಲ್ಲಿನ ಚರ್ಚಿನಲ್ಲಿ ಪರಕೀಯ. ಬಿಷಪ್ಪರ ಕೈಯಿಂದ ದೃಢೀಕರಣ ಆಗದವರಿಗೆ ಆಂಗ್ಲಿಕನ್ನರ ಪ್ರಭು ಭೋಜನದಲ್ಲಿ ಸಾಮಾನ್ಯವಾಗಿ ಜಾಗವಿರಲಿಲ್ಲ. ಏಸುವಿನ ಮನೆಯಲ್ಲೂ ಪಂಕ್ತಿಭೇದ!

28 ವರ್ಷದ ಮಾತುಕತೆ

1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಸೇರಿದ ಪಾದ್ರಿಗಳು ಇದು ಸಾಕು ಅಂದರು. ಮುಂದೆ ನಿಂತವರಲ್ಲಿ ಪ್ರಮುಖರು ದೋರ್ನಕಲ್ಲಿನ ವಿ.ಎಸ್. ಅಜರಯ್ಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ವಿಲಾಯಿತಿಯ ಹಳೇ ಜಗಳವನ್ನು ನಾವ್ಯಾಕೆ ಹೊರಬೇಕು ಅನ್ನುವುದು ಅವರ ವಾದ.

ಆದರೆ ಒಲೆ ಬೇರೆ ಮಾಡಿಕೊಂಡ ಅಣ್ಣತಮ್ಮಂದಿರನ್ನು ಮತ್ತೆ ಒಂದೇ ಪಂಕ್ತಿಗೆ ಕೂರಿಸೋದು ಸುಲಭವೇ? ಬಿಷಪ್ ಇಲ್ಲದೆ ಸಭೆಯೇ ಇಲ್ಲ ಅನ್ನುವವರು ಒಂದು ಕಡೆ. ಬಿಷಪ್ಪರ ದರ್ಬಾರೇ ಬೇಡ, ಸಭೆಯ ಹಿರಿಯರು ಸಾಕು ಅನ್ನುವವರು ಇನ್ನೊಂದು ಕಡೆ. ನಮ್ಮ ಸಭೆಗೆ ನಾವೇ ಯಜಮಾನರು ಅನ್ನುವವರು ಮತ್ತೊಂದು ಕಡೆ. ಮಾತು 28 ವರ್ಷ ಎಳೆಯಿತು. ಅಜರಯ್ಯನವರು 1945ರ ಜನವರಿಯಲ್ಲಿ ತೀರಿಕೊಂಡರು. ಆ ದಿನ ನೋಡುವ ಭಾಗ್ಯ ಅವರಿಗಿರಲಿಲ್ಲ.

ಸ್ವಾತಂತ್ರ್ಯ ಬಂದ 43ನೇ ದಿನ, 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ಎಲ್ಲರೂ ಒಂದಾದರು. ಬಿಷಪ್ಪರು ಉಳಿದರು, ಆದರೆ ಒಬ್ಬರೇ ಕೂತು ಆಳುವಂತಿಲ್ಲ. ಪಾದ್ರಿಗಳೂ ಸಾಮಾನ್ಯ ಸದಸ್ಯರೂ ಕೂಡುವ ಸಿನೊಡ್ ಇರಬೇಕು. ಬಿಷಪ್ಪರಿಂದ ದೀಕ್ಷೆ ಪಡೆಯದ ಹಳೇ ಪಾದ್ರಿಗಳು ಮತ್ತೆ ದೀಕ್ಷೆ ತಗೊಳ್ಳಬೇಕಿಲ್ಲ. ಒಂದು ಸಭೆಗೆ ಒಲ್ಲದ ಪಾದ್ರಿಯನ್ನಾಗಲೀ ಒಲ್ಲದ ಪೂಜಾಕ್ರಮವನ್ನಾಗಲೀ ಹೇರುವಂತಿಲ್ಲ.

ತಮಾಷೆ ನೋಡಿ: ಬಿಷಪ್ಪರೇ ಇಲ್ಲದ ಸ್ಕಾಟ್ಲೆಂಡಿನ ಸಭೆಯಿಂದ ಬಂದಿದ್ದ ಲೆಸ್ಲಿ ನ್ಯೂಬಿಗಿನ್ ಹೊಸ ಸಭೆಯಲ್ಲಿ ಮಧುರೆ ಕಡೆಗೆ ಬಿಷಪ್ಪರಾದರು! ಮೈಸೂರು ಸೀಮೆಗೆ ಪಿ. ಗುರುಶಾಂತ ಮೊದಲ ಬಿಷಪ್.

ಮುನಿದವರ ಮನೆ

ಎಲ್ಲರೂ ನಗುನಗುತ್ತಾ ಬರಲಿಲ್ಲ. ಆಂಧ್ರದ ನಂದ್ಯಾಲದ ಕಡೆ ಆಂಗ್ಲಿಕನ್ ಸಭೆಗಳು ತಮ್ಮ ಹಳೇ ಪದ್ಧತಿ ಬಿಡಲೊಲ್ಲದೆ ದೂರ ಉಳಿದವು. ವರ್ಷಗಟ್ಟಲೆ ಕಾದದ್ದಾಯಿತು. ಅವರು ಒಳಗೆ ಬಂದದ್ದು 1970ರ ದಶಕದಲ್ಲಿ.

ಅದೇ ದಶಕದಲ್ಲಿ, 1976ರಲ್ಲಿ, ಸಿ.ಎಸ್.ಐ. ಹೆಣ್ಣುಮಕ್ಕಳಿಗೂ ಪಾದ್ರಿ ದೀಕ್ಷೆ ಕೊಟ್ಟಿತು. 2013ರಲ್ಲಿ ಈ ಸಭೆಗೆ ಮೊದಲ ಮಹಿಳಾ ಬಿಷಪ್ ಬಂದರು: ಇ. ಪುಷ್ಪಲಲಿತಾ. ಯಾವ ಊರಿಗೆ ಗೊತ್ತೇ? ಹಳೇ ಪದ್ಧತಿಗಾಗಿ ಮುನಿಸಿಕೊಂಡಿದ್ದ ಅದೇ ನಂದ್ಯಾಲಕ್ಕೆ!

ಒಂದಾದ ಮೇಲೆ ಜಗಳವೇ ಇಲ್ಲವೆಂದಲ್ಲ. ಚುನಾವಣೆ, ಆಸ್ತಿ ಎಂದು ಕೋರ್ಟು ಮೆಟ್ಟಿಲು ಹತ್ತಿದ್ದೂ ಉಂಟು. ಕ್ಯಾಥೊಲಿಕರು, ಲುಥೆರನ್ನರು, ಬ್ಯಾಪ್ಟಿಸ್ಟರು ಬೇರೆಯೇ ಇದ್ದಾರೆ. ಮೆಥೋಡಿಸ್ಟರಲ್ಲೇ ಅಮೆರಿಕ ಮಿಷನ್ನಿನ ಕಡೆಯವರು ಇವತ್ತಿಗೂ ಹೊರಗೇ.

ಆದರೂ ಅವೆನ್ಯೂ ರಸ್ತೆಯ ಸದಸ್ಯ ಕಬ್ಬನ್ ರಸ್ತೆಗೆ ಹೋದರೆ ಪಂಕ್ತಿಯಲ್ಲಿ ಅವನಿಗೆ ಜಾಗವುಂಟು. ಅದಕ್ಕಾಗಿ ಯಾರೂ ತಮ್ಮ ಚರ್ಚಿನ ಹೆಸರು ಅಳಿಸಲಿಲ್ಲ. ಹಡ್ಸನ್ ಹಡ್ಸನ್ನೇ, ರೈಸ್ ರೈಸೇ. ಅಣ್ಣತಮ್ಮಂದಿರು ಒಂದಾಗೋಕೆ ಎಲ್ಲರ ಮುಖವೂ ಒಂದೇ ಥರ ಇರಬೇಕೆಂದು ಯಾರು ಹೇಳಿದ್ದು?