ಗಾಯಕ್ಕೆ ಗಾಜ್: ಪ್ಯಾಕೆಟ್ ಒಡೆಯುವ ಮುನ್ನ ಒಂದಿಷ್ಟು ಮಾತು



ಈಚೆಗೆ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಮಾತಿನ ನಡುವೆ "ಗಾಯ ತೊಳೆದು ಗಾಜ್ ಇಟ್ಟು ಕಟ್ಟಿ" ಅಂದೆ. ಕಾರ್ಯಕ್ರಮ ಮುಗಿಯುವ ಮೊದಲೇ ಹಿರಿಯರೊಬ್ಬರ ಫೋನು ಬಂತು. "ಏನವ್ವಾ, ಗಾಯಕ್ಕ ಯಾರರ ಗಾಜು ಕಟ್ತಾರೇನು?" ತಪ್ಪು ಅವರದಲ್ಲ. ಕನ್ನಡದಲ್ಲಿ ಗಾಜು ಅಂದರೆ ಕಿಟಕಿಯ ಗಾಜು. ಈ ಊರಿನ ತೆಲುಗಿನಲ್ಲೂ ಅದೇ ಅರ್ಥ, ಜೊತೆಗೆ ಬಳೆ ಎಂಬ ಅರ್ಥ ಬೇರೆ! ನಾನು ಹೇಳಿದ್ದು ಡ್ರೆಸಿಂಗ್ ಮಾಡುವಾಗ ಗಾಯದ ಮೇಲೆ ಇಡುವ, ಸೊಳ್ಳೆ ಪರದೆಯ ಹಾಗೆ ಕಿಂಡಿ ಕಿಂಡಿಯಾಗಿರುವ ಬಿಳಿ ಹತ್ತಿ ಬಟ್ಟೆಯನ್ನು. ಫೋನಿನಲ್ಲಿ ಇಬ್ಬರೂ ನಕ್ಕೆವು. ಆದರೆ ಆ ಬಟ್ಟೆಯ ಬಗ್ಗೆ ಒಮ್ಮೆ ಸರಿಯಾಗಿ ಬರೆಯಬೇಕು ಅಂತ ನನಗೆ ಬಹಳ ದಿನಗಳಿಂದ ಅನಿಸುತ್ತಿತ್ತು.

ಹೈದರಾಬಾದಿನ ಕನ್ನಡ ಮನೆಗಳಿಗೆ ಡ್ರೆಸಿಂಗ್ ಹೊಸದಲ್ಲ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆಮೇಲೆ ಗಡಿ ಬದಲಾಯಿತು, ದೊಡ್ಡ ಕಾಯಿಲೆ ಬಂದರೆ ಇಲ್ಲಿಗೆ ಬರುವ ರೂಢಿ ಬದಲಾಗಲಿಲ್ಲ. ಆಸ್ಪತ್ರೆಯಿಂದ ಬಿಟ್ಟ ಮೇಲೆ ನಾಲ್ಕು ದಿನ ನೆಂಟರ ಮನೆಯಲ್ಲಿ ಉಳಿಯುತ್ತಾರೆ. ಕಾಚಿಗೂಡವೋ ಕೂಕಟ್‌ಪಲ್ಲಿಯೋ, ಆ ನೆಂಟರು ನಾವೇ. ಡ್ರೆಸಿಂಗ್ ಬದಲಿಸುವ ಕೆಲಸವೂ ನಮ್ಮ ಕೈಗೇ ಬರುತ್ತದೆ.

ಹೀಗೇ ಕೆಲವು ವರ್ಷಗಳ ಹಿಂದೆ ರಾಯಚೂರಿನಿಂದ ನಮ್ಮ ಸೋದರಮಾವ ಬಂದಿದ್ದರು. ಸಕ್ಕರೆ ಕಾಯಿಲೆಯವರು. ಹೊಸ ಚಪ್ಪಲಿ ಕಚ್ಚಿ ಕಾಲಿನ ಕಿರುಬೆರಳಿಗೆ ಗಾಯವಾಗಿತ್ತು. ದಿನವೂ ನಾನೇ ಕಟ್ಟುತ್ತಿದ್ದೆ. ಒಡೆದ ಗಾಜ್ ಪ್ಯಾಕೆಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಅಡುಗೆಮನೆಯ ಡಬ್ಬಿಯಲ್ಲಿಡುವುದು, ಮರುದಿನ ಅದರಿಂದಲೇ ಒಂದು ತುಂಡು ಕತ್ತರಿಸುವುದು. ಕಟ್ಟು ನೋಡಲು ಬೆಳ್ಳಗೆ, ಅಚ್ಚುಕಟ್ಟಾಗಿ ಇರುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಗಾಯದ ಸುತ್ತ ಕೆಂಪಾಗಿ ಸಣ್ಣಗೆ ವಾಸನೆ ಬಂತು. "ನೋವೇ ಇಲ್ಲಲ್ಲ, ಬಿಡವಾ" ಅಂದರು ಮಾವ. ನಾನೂ ಬಿಟ್ಟೆ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಬೆರಳು ಕಪ್ಪಾಗಿತ್ತು, ತೆಗೆಯಲೇಬೇಕಾಯಿತು.

ನನ್ನ ಡ್ರೆಸಿಂಗಿನಿಂದಲೇ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಿದೆ. ಅದೊಂದೇ ಅಲ್ಲ, ಸಕ್ಕರೆ, ಸರಿಯಾಗಿ ರಕ್ತ ಹರಿಯದ ಕಾಲು, ತಡ ಎಲ್ಲವೂ ಸೇರಿತು ಎಂದರು. ಸಕ್ಕರೆ ಕಾಯಿಲೆಯವರ ಕಾಲಿನ ನರ ಸೋತಿರುವುದರಿಂದ ನೋವು ಗೊತ್ತಾಗುವುದಿಲ್ಲ ಎಂದೂ ಹೇಳಿದರು. ಅವತ್ತು ಕಲಿತದ್ದನ್ನು ಇವತ್ತು ನಿಮಗೆ ಹೇಳುತ್ತಿದ್ದೇನೆ.

ಸ್ಟೆರೈಲ್ ಅಂದರೇನು?

ಹತ್ತಿಯ ನೂಲಿನಲ್ಲಿ ಹುಟ್ಟಿನಿಂದಲೇ ಮೇಣದಂಥ ಅಂಶ ಇರುತ್ತದೆ. ಅದನ್ನು ತೆಗೆದು ಬಿಳುಪು ಮಾಡಿದ ಮೇಲಷ್ಟೇ ಬಟ್ಟೆ ರಕ್ತ, ಕೀವನ್ನು ಚೆನ್ನಾಗಿ ಹೀರುತ್ತದೆ. ತಮಿಳುನಾಡಿನ ರಾಜಪಾಳಯಂ ಬಳಿಯ ಛತ್ರಪಟ್ಟಿ ಇಂಥ ಬಟ್ಟೆಯ ನೇಯ್ಗೆಗೇ ಹೆಸರಾದ ಊರು. ಇಷ್ಟಾದರೆ ಅದು ಸ್ವಚ್ಛವಾದ ಬಟ್ಟೆ, ಸ್ಟೆರೈಲ್ ಅಲ್ಲ. ಪ್ಯಾಕೆಟ್ಟಿನೊಳಗೆ ಮುಚ್ಚಿ, ಬಿಸಿ ಹಬೆ, ಎಥಿಲೀನ್ ಆಕ್ಸೈಡ್ ಅನಿಲ ಅಥವಾ ಗಾಮಾ ಕಿರಣದಿಂದ ಅದರಲ್ಲಿರುವ ರೋಗಾಣುಗಳನ್ನೆಲ್ಲ ಕೊಂದಾಗ ಮಾತ್ರ ಅದು ಸ್ಟೆರೈಲ್.

ನಮ್ಮ ಸ್ಟುಡಿಯೋದ ಹೋಲಿಕೆ ಕೊಡುತ್ತೇನೆ. ದಪ್ಪ ಬಾಗಿಲು ಮುಚ್ಚಿರುವವರೆಗೆ ಒಳಗೆ ನಿಶ್ಶಬ್ದ. ಬಾಗಿಲು ತೆರೆದಿರೋ, ಹೊರಗಿನ ಆಟೋ ಹಾರನ್ನೂ ಒಳಗೇ. ಗಾಜ್ ಪ್ಯಾಕೆಟ್ಟೂ ಹಾಗೆಯೇ. ಶುದ್ಧಿ ಇರುವುದು ಮುಚ್ಚಿದ ಪ್ಯಾಕೆಟ್ಟಿನಲ್ಲಿ. ಒಡೆದ ಮೇಲೆ ಉಳಿದದ್ದು ಬರೀ ಬಿಳಿ ಬಟ್ಟೆ. ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿದರೆ ಹೋದ ಶುದ್ಧಿ ತಿರುಗಿ ಬರುವುದಿಲ್ಲ.

ಈ ತಿಳಿವಳಿಕೆಗೆ ಬಹಳ ವಯಸ್ಸಾಗಿಲ್ಲ. 1865ರಲ್ಲಿ ಗ್ಲಾಸ್ಗೋದಲ್ಲಿ ಗಾಡಿ ಹರಿದು ಕಾಲು ಮುರಿದ 11 ವರ್ಷದ ಹುಡುಗನ ಗಾಯಕ್ಕೆ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಕಟ್ಟಿದರು. ಅಂಥ ಗಾಯಕ್ಕೆ ಕಾಲನ್ನೇ ಕತ್ತರಿಸುತ್ತಿದ್ದ ಕಾಲ ಅದು. ಹುಡುಗನ ಕಾಲು ಉಳಿಯಿತು. ಗಾಯಕ್ಕೆ ಏನು ತಾಗುತ್ತದೆ ಎಂಬುದು ಎಷ್ಟು ಮುಖ್ಯ ಎಂದು ವೈದ್ಯರು ನಂಬತೊಡಗಿದ್ದು ಅಲ್ಲಿಂದ.

ಕೊಳ್ಳುವಾಗ

ದೊಡ್ಡ ಸುರುಳಿಗಿಂತ ಒಂದೊಂದೇ ತುಂಡಿನ ಚಿಕ್ಕ ಪ್ಯಾಕೆಟ್ ಮೇಲು. ಒಂದು ಸಲಕ್ಕೆ ಒಂದು, ಉಳಿಸುವ ಮಾತೇ ಇಲ್ಲ. ಪ್ಯಾಕೆಟ್ ಮೇಲೆ ಸ್ಟೆರೈಲ್ ಎಂದು ಬರೆದಿದೆಯೇ, ಅವಧಿ ಮುಗಿಯುವ ತಾರೀಖು ದಾಟಿಲ್ಲವೇ ನೋಡಿ. 2 ಎಂಬ ಅಂಕಿಗೆ ಅಡ್ಡಗೀಟು ಎಳೆದ ಗುರುತಿದ್ದರೆ ಒಂದೇ ಸಲ ಬಳಸಿ ಎಂದರ್ಥ. ಪ್ಯಾಕೆಟ್ ಹರಿದಿದ್ದರೆ, ತೂತಾಗಿದ್ದರೆ, ಮಳೆಗಾಲದಲ್ಲಿ ನೆನೆದು ಒಣಗಿದ್ದರೂ ಸಹ, ಬೇಡ.

ಕಟ್ಟುವಾಗ

ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಹಳೆಯ ಕಟ್ಟು ಬಿಚ್ಚಿದ ಮೇಲೆ ಇನ್ನೊಮ್ಮೆ ತೊಳೆಯಿರಿ. ಹಳೆಯ ಗಾಜ್ ಅಂಟಿಕೊಂಡಿದ್ದರೆ ಎಳೆಯಬೇಡಿ. ಸಲೈನ್ ಅಥವಾ ಕಾಯಿಸಿ ಆರಿಸಿದ ನೀರು ಹಾಕಿ ನೆನೆಸಿದರೆ ತಾನಾಗಿ ಬಿಡುತ್ತದೆ. ಎಳೆದರೆ ಆಗಷ್ಟೇ ಮೂಡಿದ ಹೊಸ ಚರ್ಮವೂ ಕಿತ್ತು ಬರುತ್ತದೆ.

ಮನೆಯಲ್ಲಾದ ಸಣ್ಣ ಗಾಯವನ್ನು ಕುಡಿಯುವ ನೀರಿನಿಂದ ತೊಳೆದರೆ ಸಾಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಗಾಯ ಮಾಯಿಸುವ ಜೀವಕೋಶಗಳಿಗೂ ಪೆಟ್ಟು. ಕಾಫಿ ಪುಡಿ, ಸುಣ್ಣ, ಡಬ್ಬಿಯ ಅರಿಶಿನ ಯಾವುದೂ ಬೇಡ. ಅಜ್ಜಿಯ ಮೇಲಿನ ಗೌರವವನ್ನು ಬೇರೆ ರೀತಿ ತೋರಿಸೋಣ!

ಹೊಸ ಗಾಜನ್ನು ಮೂಲೆಯಲ್ಲಷ್ಟೇ ಹಿಡಿಯಿರಿ. ಗಾಯಕ್ಕೆ ತಾಗುವ ನಡುಭಾಗ ಬೆರಳಿಗೆ ತಾಗಬಾರದು. ಕೆಳಗೆ ಬಿದ್ದರೆ ಅದು ಕಸದ ಬುಟ್ಟಿಗೇ. ಅರಳೆಯನ್ನು ನೇರವಾಗಿ ಗಾಯದ ಮೇಲೆ ಇಡಬೇಡಿ, ಎಳೆಗಳು ಒಳಗೆ ಸಿಕ್ಕಿಕೊಳ್ಳುತ್ತವೆ. 1880ರಲ್ಲಿ ಬರ್ಮಿಂಗ್‌ಹ್ಯಾಮಿನ ಸರ್ಜನ್ ಗ್ಯಾಮ್ಜಿ ಎರಡು ಗಾಜ್ ಪದರಗಳ ನಡುವೆ ಅರಳೆ ಇಟ್ಟರು. ಆ ಪ್ಯಾಡು ಇಂದಿಗೂ ಅವರ ಹೆಸರಿನಲ್ಲೇ ಇದೆ.

ಬ್ಯಾಂಡೇಜ್ ಸುತ್ತಿದ ಮೇಲೆ ಬೆರಳ ತುದಿ ನೋಡಿ. ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಬಿಗಿ ಜಾಸ್ತಿಯಾಗಿದೆ. ಕಟ್ಟು ಒದ್ದೆಯಾದರೆ, ಕೊಳೆಯಾದರೆ ಕೂಡಲೇ ಬದಲಿಸಿ. ಆಪರೇಷನ್ ಗಾಯವಾದರೆ ಯಾವಾಗ ಬಿಚ್ಚಬೇಕು, ಯಾವಾಗ ನೀರು ಸೋಕಿಸಬಹುದು ಎಂಬುದು ನಿಮ್ಮ ಡಾಕ್ಟರು ಹೇಳಿದ ಹಾಗೆ.

ರಕ್ತ ಸುರಿಯುತ್ತಿದ್ದರೆ ಗಾಜ್ ಇಟ್ಟು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಬೇಡಿ. ತೊಯ್ದರೆ ಅದರ ಮೇಲೇ ಇನ್ನೊಂದು ಇಟ್ಟು ಒತ್ತಿ. ಆಗಲೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. 2005ರ ಆಗಸ್ಟ್ 15ರಂದು ಆ ಸೇವೆ ಶುರುವಾದದ್ದೇ ನಮ್ಮ ಹೈದರಾಬಾದಿನಲ್ಲಿ.

ಕಟ್ಟು ಸಾಲದಿದ್ದಾಗ

ನಾಯಿ ಕಚ್ಚಿದರೆ ಗಾಜ್ ಹುಡುಕುತ್ತ ಕೂರಬೇಡಿ. 15 ನಿಮಿಷ ಸೋಪು ನೀರಿನಲ್ಲಿ ಗಾಯ ತೊಳೆದು, ಬಿಗಿಯಾಗಿ ಕಟ್ಟದೆ, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿಸಿ. ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಇದಕ್ಕೆ ಹೆಸರಾದ ಜಾಗ. ಮಣ್ಣು, ತುಕ್ಕು ಸೇರಿದ ಗಾಯವಾದರೆ ಧನುರ್ವಾಯು ಚುಚ್ಚುಮದ್ದು ಹಿಂದೆ ಯಾವಾಗ ಆಗಿತ್ತು ಎಂದು ಡಾಕ್ಟರಿಗೆ ತಿಳಿಸಿ.

ಕೆಂಪು ಹರಡುತ್ತಿದ್ದರೆ, ಗಾಯದ ಸುತ್ತ ಬಿಸಿಯಾಗಿ ಊದಿದ್ದರೆ, ಕೀವು, ವಾಸನೆ, ಜ್ವರ ಕಂಡರೆ ಗಾಜ್ ಬದಲಿಸಿ ಸುಮ್ಮನಾಗಬೇಡಿ. ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯವಾದರಂತೂ ಇವು ಕಾಣುವವರೆಗೆ ಕಾಯಲೇಬೇಡಿ, ಮೊದಲ ದಿನವೇ ಹೋಗಿ. ನೋವಿಲ್ಲ ಎಂಬುದು ಅಲ್ಲಿ ಒಳ್ಳೆಯ ಸುದ್ದಿಯಲ್ಲ.

ಮಾವ ಈಗ ರಾಯಚೂರಿನಲ್ಲಿ ಆರಾಮಾಗಿದ್ದಾರೆ. ಫೋನ್ ಮಾಡಿದಾಗ "ಊಟ ಆಯ್ತೇನ್ರಿ ಮಾವ" ಅನ್ನುವುದಕ್ಕಿಂತ ಮೊದಲು "ಇವತ್ತು ಕಾಲು ನೋಡಿಕೊಂಡ್ರಾ?" ಅಂತ ಕೇಳುತ್ತೇನೆ. ನಿಮ್ಮ ಮನೆಯಲ್ಲೂ ರಬ್ಬರ್ ಬ್ಯಾಂಡ್ ಸುತ್ತಿದ ಪ್ಯಾಕೆಟ್ ಇದ್ದರೆ, ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ ಎಸೆದು ಬನ್ನಿ.

ಮತ್ತೆ ಗಾಳಿಯಲ್ಲಿ ಭೇಟಿಯಾಗೋಣ.

ನಿಮ್ಮ ಉದ್ಘೋಷಕಿ