ವಿಷ ಇಳಿದ ಮೇಲೂ ಬಿಡದ ಸುಸ್ತು: ಪಿಟ್ಯುಟರಿ ಮತ್ತು ಅಡ್ರಿನಲ್ ಗ್ರಂಥಿಗಳ ತೊಂದರೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲೂಕುಗಳು ಕನ್ನಂಬಾಡಿ ಕಟ್ಟೆಯ ನೀರನ್ನು ವಿಶ್ವೇಶ್ವರಯ್ಯ ನಾಲೆಯ ಮೂಲಕ ಪಡೆಯುವ ಭತ್ತ ಮತ್ತು ಕಬ್ಬಿನ ನಾಡು. ಗದ್ದೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಇಂತಹ ಹೊಲಗದ್ದೆಗಳಲ್ಲಿ ದುಡಿಯುವವರನ್ನು ಕಾಡುವ ಹಾವುಗಳಲ್ಲಿ ಕೊಳಕುಮಂಡಲ ಮುಖ್ಯವಾದುದು. ಇದು ಕಚ್ಚಿದವರು ಆಸ್ಪತ್ರೆಯಿಂದ ಗುಣವಾಗಿ ಬಂದ ಮೇಲೂ ಒಂದು ತೊಂದರೆ ಉಳಿಯಬಹುದು. ಅದರ ಬಗ್ಗೆ ನಮ್ಮಲ್ಲಿ ತಿಳುವಳಿಕೆ ಕಡಿಮೆ.

ಮೆದುಳಿನ ತಳದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿ ಇದೆ. ಎರಡು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಅಡ್ರಿನಲ್ ಗ್ರಂಥಿಗಳಿವೆ. ಪಿಟ್ಯುಟರಿ ಆಜ್ಞೆ ನೀಡಿದರೆ ಮಾತ್ರ ಅಡ್ರಿನಲ್ ಸಾಕಷ್ಟು ಕಾರ್ಟಿಸಾಲ್ ತಯಾರಿಸುತ್ತದೆ. ರಕ್ತದೊತ್ತಡ ಮತ್ತು ಸಕ್ಕರೆ ಅಂಶವನ್ನು ಕಾಪಾಡಲು, ಜ್ವರ ಅಥವಾ ಪೆಟ್ಟು ಬಿದ್ದಾಗ ದೇಹ ತಡೆದುಕೊಳ್ಳಲು ಈ ಹಾರ್ಮೋನ್ ಬೇಕೇ ಬೇಕು.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಕ್ರಮವನ್ನೇ ಕೆಡಿಸುತ್ತದೆ. ಆಗ ಪಿಟ್ಯುಟರಿಯಲ್ಲಿ ರಕ್ತಸ್ರಾವವಾಗಿ ಅಥವಾ ರಕ್ತ ಸಂಚಾರ ನಿಂತು ಗ್ರಂಥಿ ಹಾಳಾಗಬಹುದು. ಬರ್ಮಾ ದೇಶದ ಇಂತಹ ರೋಗಿಗಳ ವರದಿ 1987ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ದಕ್ಷಿಣ ಭಾರತದಲ್ಲೂ ಇಂತಹ ಪ್ರಕರಣಗಳು ವರದಿಯಾಗಿವೆ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದ ತಾಯಂದಿರಲ್ಲೂ ಇದೇ ಗ್ರಂಥಿ ಕೆಡಬಹುದು. ಇದಕ್ಕೆ ಶೀಹನ್ ಸಿಂಡ್ರೋಮ್ ಎನ್ನುತ್ತಾರೆ. ಅಂತಹ ಬಾಣಂತಿಗೆ ಎದೆಹಾಲು ಬರುವುದಿಲ್ಲ, ಮುಂದೆ ಮುಟ್ಟೂ ಆಗುವುದಿಲ್ಲ.

ಲಕ್ಷಣಗಳು ಕೆಲವೊಮ್ಮೆ ಕೂಡಲೇ, ಕೆಲವೊಮ್ಮೆ ತಿಂಗಳು ಅಥವಾ ವರ್ಷಗಳ ನಂತರ ಕಾಣಿಸುತ್ತವೆ: ಬಿಡದ ಸುಸ್ತು, ಹಸಿವಿಲ್ಲದಿರುವುದು, ವಾಂತಿ, ಎದ್ದು ನಿಂತರೆ ತಲೆಸುತ್ತು, ಚಳಿ ತಡೆಯಲಾಗದಿರುವುದು, ಕಂಕುಳಿನ ಕೂದಲು ಉದುರುವುದು, ಗಂಡಸರಲ್ಲಿ ಗಡ್ಡ ಕಡಿಮೆಯಾಗುವುದು, ಹೆಂಗಸರಲ್ಲಿ ಮುಟ್ಟು ನಿಲ್ಲುವುದು. ಮನೆಯವರು ಇದನ್ನು ಸೋಮಾರಿತನವೆಂದೋ, 'ವಿಷ ಪೂರ್ತಿ ಇಳಿದಿಲ್ಲ' ಎಂದೋ ತಿಳಿದು ನಾಟಿ ಮದ್ದಿನಲ್ಲಿ ಕಾಲ ಕಳೆಯುವುದುಂಟು. ಇಂತಹವರಿಗೆ ಒಂದು ಸಾಮಾನ್ಯ ಜ್ವರ ಅಥವಾ ಭೇದಿ ಬಂದರೂ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು.

ಇದಕ್ಕೆ ಚಿಕಿತ್ಸೆ ಇದೆ. ಬೆಳಿಗ್ಗೆ ರಕ್ತದಲ್ಲಿ ಕಾರ್ಟಿಸಾಲ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದರೆ ಮೊದಲ ಸುಳಿವು ಸಿಗುತ್ತದೆ. ಕೊರತೆಯಾದ ಹಾರ್ಮೋನನ್ನು ಮಾತ್ರೆಯ ರೂಪದಲ್ಲಿ ದಿನವೂ ತೆಗೆದುಕೊಂಡರೆ ಎಂದಿನಂತೆ ದುಡಿದು ಬಾಳಬಹುದು. ಆದರೆ ನಾಲ್ಕು ಮಾತು ನೆನಪಿರಲಿ. ಕಾರ್ಟಿಸಾಲ್ ಕೊರತೆ ಇರುವವರಿಗೆ ಅದರ ಮಾತ್ರೆ ಮೊದಲು, ಥೈರಾಯ್ಡ್ ಮಾತ್ರೆ ನಂತರ. ಜ್ವರ ಬಂದಾಗ ವೈದ್ಯರು ಹೇಳಿದಂತೆ ಪ್ರಮಾಣ ಹೆಚ್ಚಿಸಬೇಕು. ವಾಂತಿಯಿಂದ ಮಾತ್ರೆ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಪಡೆಯಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಲೇಬಾರದು. ಆಸ್ತಮಾ ಅಥವಾ ಕೀಲುನೋವಿಗೆ ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದವರೂ ಅದನ್ನು ಒಮ್ಮೆಲೇ ಬಿಟ್ಟರೆ ಇದೇ ಅಪಾಯ.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿದೆ. ಹಾವು ಕಚ್ಚಿದರೆ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಭಾಗ ಅಲುಗಾಡದಂತೆ ನೋಡಿಕೊಂಡು ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆ ಭೇಟಿಗೆ ಹೋಗುವ ಕಾರ್ಯಕರ್ತರು, ಸದಾ ಸುಸ್ತೆನ್ನುವವರನ್ನು ಕಂಡಾಗ ಎರಡು ಪ್ರಶ್ನೆ ಕೇಳಲಿ: ಹಿಂದೆ ಹಾವು ಕಚ್ಚಿತ್ತೇ? ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತೇ? ಹೌದೆಂದರೆ, ಹಳೆಯ ಆಸ್ಪತ್ರೆ ಚೀಟಿಯೊಂದಿಗೆ ಅವರನ್ನು ವೈದ್ಯರ ಬಳಿಗೆ ಕಳುಹಿಸಿ. ಈ ಎರಡು ಪ್ರಶ್ನೆಗಳು ಒಂದು ಜೀವ ಉಳಿಸಬಲ್ಲವು.