ಬೆವರು ಬಿಟ್ಟುಕೊಟ್ಟ ಗುಟ್ಟು

1948ರ ಬೇಸಿಗೆ. ನ್ಯೂಯಾರ್ಕ್ ಸೆಕೆಯಲ್ಲಿ ಬೇಯುತ್ತಿತ್ತು. ಝಳಕ್ಕೆ ನಿತ್ರಾಣಗೊಂಡ ಮಕ್ಕಳನ್ನು ಹೊತ್ತು ತಾಯಂದಿರು ಆಸ್ಪತ್ರೆಗೆ ಬರುತ್ತಿದ್ದರು. ಅವರಲ್ಲಿ ಶ್ವಾಸಕೋಶವನ್ನು ಕೆಡಿಸುವ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆ ಇದ್ದ ಮಕ್ಕಳೇ ಏಕಿಷ್ಟು ಎಂಬ ಪ್ರಶ್ನೆ ವೈದ್ಯ ಪಾಲ್ ಡಿ ಸಾಂಟ್‌ಆಗ್ನೀಸ್ ಅವರನ್ನು ಕೊರೆಯತೊಡಗಿತು. ಗಟ್ಟಿ ಲೋಳೆಯೇ ಆ ಕಾಯಿಲೆಯ ಮೂಲವೆಂದು ಎಲ್ಲರೂ ನಂಬಿದ್ದ ಕಾಲವದು. ಸೆಕೆಗೂ ಲೋಳೆಗೂ ಎಲ್ಲಿಯ ನಂಟು?

ಅವರು ಮಕ್ಕಳ ಬೆವರನ್ನೇ ಪರೀಕ್ಷೆಗಿಟ್ಟರು. 1953ರಲ್ಲಿ ಉತ್ತರ ಹೊರಬಿತ್ತು: ಆ ಬೆವರಿನಲ್ಲಿ ಉಪ್ಪು ಹಲವು ಪಟ್ಟು ಹೆಚ್ಚು. ಬೆವರಿನ ಗ್ರಂಥಿಯಲ್ಲಿ ಲೋಳೆಯೇ ಇರಲಿಲ್ಲ! ಹಳೆಯ ನಂಬಿಕೆಯ ಬುಡ ಅಲುಗಿತು. ಆದರೆ ಉಪ್ಪು ಹೆಚ್ಚಿದ್ದೇಕೆ? ಮೂವತ್ತು ವರ್ಷ ಯಾರಿಗೂ ತಿಳಿಯಲಿಲ್ಲ.

ಈ ನಡುವೆ ಅಮೆರಿಕದ ಒಬ್ಬ ಕಾಲೇಜು ಹುಡುಗ ಗ್ರಂಥಾಲಯದಲ್ಲಿ ಪುಸ್ತಕ ತಿರುವುತ್ತ, ಬಾಲ್ಯದಿಂದ ತನ್ನನ್ನು ಬಿಡದ ಕೆಮ್ಮಿಗೆ ಹೆಸರು ಕಂಡುಕೊಂಡ. ಅದು ಸಿಸ್ಟಿಕ್ ಫೈಬ್ರೋಸಿಸ್. ಆ ಹುಡುಗನೇ ಪಾಲ್ ಕ್ವಿಂಟನ್. ಮುಂದೆ ವಿಜ್ಞಾನಿಯಾದ ಅವರು ಎದೆಯ ಬದಲು ಬೆವರನ್ನು ಬೆನ್ನಟ್ಟಿದರು. ಸೋಂಕಿನಿಂದ ಜರ್ಜರಿತವಾದ ಶ್ವಾಸಕೋಶದಲ್ಲಿ ಮೂಲ ದೋಷ ಯಾವುದು, ಆಮೇಲಿನ ಹಾನಿ ಯಾವುದು ಎಂದು ಬಿಡಿಸುವುದು ಕಷ್ಟವಿತ್ತು. ಬೆವರಿನ ಗ್ರಂಥಿ ಮಾತ್ರ ಕೆಡದೆ ಉಳಿದಿರುತ್ತಿತ್ತು.

ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಅವರು ಕೂದಲೆಳೆಯಂಥ ಬೆವರಿನ ನಾಳಗಳನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ, ಒಳಗೆ ದ್ರವ ಹಾಯಿಸಿ, ವಿದ್ಯುತ್ ಅಳೆದರು. ಪ್ರಯೋಗಕ್ಕೆ ತಮ್ಮ ಚರ್ಮವನ್ನೂ ಕೊಟ್ಟರು. ಉಪ್ಪಿನಲ್ಲಿರುವ ಸೋಡಿಯಂ, ಕ್ಲೋರೈಡ್ ಎರಡರಲ್ಲಿ ಸಂಶಯವೆಲ್ಲ ಸೋಡಿಯಂ ಮೇಲಿತ್ತು. ನಾಳ ಅದನ್ನು ಹೀರದಿದ್ದರೆ ವೋಲ್ಟೇಜ್ ಕುಸಿಯಬೇಕಿತ್ತು. ರೋಗಿಯ ನಾಳದಲ್ಲಿ ಅದು ಏರಿತು! ಕ್ವಿಂಟನ್ ಪಟ್ಟು ಬಿಡಲಿಲ್ಲ. ಆರೋಗ್ಯವಂತರ ನಾಳದಲ್ಲಿ ಕ್ಲೋರೈಡ್ ತೆಗೆದು, ಗೋಡೆ ದಾಟಲಾರದ ಬೇರೊಂದು ಅಯಾನನ್ನು ಇಟ್ಟು ನೋಡಿದರು. ಆ ನಾಳವೂ ರೋಗಿಯ ನಾಳದಂತೆಯೇ ವರ್ತಿಸಿತು. ರೋಗಿಯ ನಾಳದ ಗೋಡೆ ದಾಟಲಾರದೆ ಸಿಕ್ಕಿಬಿದ್ದದ್ದು ಕ್ಲೋರೈಡ್. 1983ರಲ್ಲಿ ‘ನೇಚರ್’ ಪತ್ರಿಕೆ ಅದನ್ನು ಪ್ರಕಟಿಸಿತು.

ಅತ್ತ ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ಸಂಶೋಧಕರಾದ ಮೈಕೆಲ್ ನೋಲ್ಸ್, ರಿಚರ್ಡ್ ಬೌಚರ್ ಮತ್ತು ಸಂಗಡಿಗರು 1981ರಲ್ಲೇ ರೋಗಿಗಳ ಮೂಗಿನ ಒಳಪದರದಲ್ಲಿ ಅತಿಯಾದ ವೋಲ್ಟೇಜ್ ಕಂಡಿದ್ದರು. ಈಗ ಎರಡೂ ಎಳೆ ಕೂಡಿದವು. 1989ರಲ್ಲಿ ಲ್ಯಾಪ್-ಚೀ ಸೂಯಿ, ಜಾನ್ ರಿಯೋರ್ಡನ್, ಫ್ರಾನ್ಸಿಸ್ ಕಾಲಿನ್ಸ್ ತಂಡಗಳು ದೋಷದ ಜೀನನ್ನೇ ಹಿಡಿದವು.

ಎದೆಯ ಒಗಟು ಬಿಡಿಸಿಕೊಂಡಿತು. ಶ್ವಾಸನಾಳದ ಒಳಪದರದ ಕೋಶಗಳಲ್ಲಿ ಕ್ಲೋರೈಡ್ ಹಾಯುವ ಬಾಗಿಲೇ ಕೆಟ್ಟಿತ್ತು. ಮೇಲಿನ ತೆಳು ನೀರಿನ ಪದರ ಬತ್ತಿ, ಲೋಳೆ ಅಂಟಿ, ಅದನ್ನು ಗುಡಿಸುವ ಸಣ್ಣ ರೋಮಗಳು ಸೋಲುತ್ತಿದ್ದವು. ಬ್ಯಾಕ್ಟೀರಿಯಾ ಬೀಡುಬಿಡುತ್ತಿತ್ತು. ಕಾಪಾಡಲು ಧಾವಿಸಿದ ಬಿಳಿ ರಕ್ತಕಣಗಳು ಸುರಿಸಿದ ಕಿಣ್ವ ನಾಳದ ಗೋಡೆಯನ್ನೇ ತಿನ್ನುತ್ತಿತ್ತು. ಆರದ ಉರಿಯೂತದ ಬೇರು, ಬೆವರನ್ನು ಉಪ್ಪಾಗಿಸಿದ ಅದೇ ಮುಚ್ಚಿದ ಬಾಗಿಲಲ್ಲಿತ್ತು.